ಜಿಂಕೆ ಕಟ್ಟೆಯ ಆರ್ಡಿಸ್ ಕೋವಿ ಹಿಡಿದದ್ದು

ಜಿಂಕೆ ಹೊಡೆದವರು ಇನ್ನು ಅದನ್ನು ಎಲ್ಲಿಗೂ ಹೊತ್ತು ತರಬೇಕಾಗಿಲ್ಲ, ಇದ್ದಲ್ಲಿಂದಲೇ ಫೋನಿನಲ್ಲಿ ನಾಲ್ಕು ಗುಂಡಿ ಒತ್ತಿ ತಿಳಿಸಿದರೆ ಸಾಕು ಎಂದು ಅರಣ್ಯ ಇಲಾಖೆ ಸಾರಿದ ಬೇಸಿಗೆಯಲ್ಲಿ, ಟ್ಯಾಮರಾಕ್ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಲಾಯ್ಡ್ ಮಾಕಿ. ಖುಷಿಯಾದಂತೆ ನಟಿಸಿದವಳು ಆರ್ಡಿಸ್ ಟಾಲೆಫ್‌ಸನ್.

ಊರ ಕೂಡುರಸ್ತೆಯಲ್ಲಿರುವ ಅಂಗಡಿ ಆರ್ಡಿಸಳದು. ಪೆಟ್ರೋಲು, ಬ್ರೆಡ್ಡು, ಬಿಯರು, ಮೀನಿನ ಗಾಳಕ್ಕೆ ಬೇಕಾದ ಹುಳ ಎಲ್ಲವೂ ಅಲ್ಲಿ ಸಿಗುತ್ತಿದ್ದವು. ನವೆಂಬರ್ ಬಂತೆಂದರೆ ಅದೇ ಅಂಗಡಿಯ ಅಂಗಳ ಜಿಂಕೆಗಳ ಠಾಣೆಯಾಗುತ್ತಿತ್ತು. ಸರ್ಕಾರದ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಊರವರ ಬಾಯಲ್ಲಿ ಮಾತ್ರ ಅದು ಜಿಂಕೆ ಕಟ್ಟೆ. ಸುತ್ತಲಿನ ಕಾಡಿನಲ್ಲಿ ಯಾರೇ ಜಿಂಕೆ ಹೊಡೆಯಲಿ, ತನ್ನ ಸಣ್ಣ ಲಾರಿಯ ಹಿಂಬದಿಯಲ್ಲಿ ಹಾಕಿಕೊಂಡು ಇಲ್ಲಿಗೆ ತರಬೇಕು, ಆರ್ಡಿಸ್ ನೋಡಬೇಕು, ಕಿವಿಗೋ ಕೊಂಬಿಗೋ ತಗಡಿನ ಬಿಲ್ಲೆ ಬಿಗಿಯಬೇಕು. ತೂಕ ನೋಡಲೇಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಆದರೆ ಅಂಗಳದ ಮೂಲೆಯಲ್ಲಿ ಮರದ ದೂಲಕ್ಕೆ ನೇತುಬಿಟ್ಟ ತಕ್ಕಡಿ ಇರುವಾಗ ತೂಗದೆ ಹೋಗುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಲಾಯ್ಡ್ ಮಾಕಿಯ ಖುಷಿಗೆ ಕಾರಣ ಆ ತಕ್ಕಡಿಯೇ. ಅವನು ಮರ ಕಡಿಯುವವನು, ಒಳ್ಳೆಯ ಗುರಿಗಾರ, ಆದರೆ ಬಾಯಿ ತೆರೆದರೆ ಅರ್ಧ ಸುಳ್ಳು. ಕಾಡಿನಲ್ಲಿ ಹೋರಿಯಷ್ಟಿದ್ದ ಅವನ ಜಿಂಕೆ ಆರ್ಡಿಸಳ ತಕ್ಕಡಿಗೆ ಬರುವಷ್ಟರಲ್ಲಿ ಆಡಿನಷ್ಟಾಗುತ್ತಿತ್ತು.

"ಇನ್ಮೇಲೆ ನನ್ನ ಜಿಂಕೆ ತೂಕ ನಾನೇ ಹೇಳ್ತೀನಿ. ನಿನ್ನ ಹಾಳು ತಕ್ಕಡಿಗೆ ದೊಡ್ಡ ನಮಸ್ಕಾರ" ಎಂದು ಅವನು ಗಲ್ಲಾಪೆಟ್ಟಿಗೆಯ ಮೇಲೆ ಕೈ ಬಡಿದು ಹೇಳಿದ.

"ಹೇಳ್ಕೋ ಮಾರಾಯ. ಫೋನಿಗೆ ನಿನ್ನ ಮುಖ ಕಾಣಲ್ಲ, ಅದೇ ಅದರ ಪುಣ್ಯ" ಎಂದಳು ಆರ್ಡಿಸ್. "ನನಗೂ ಸಾಕಾಗಿತ್ತು. ರಕ್ತ ತೊಳೆಯೋದು, ಕಾಫಿ ಸುರಿಯೋದು, ನಿಮ್ಮ ಪುರಾಣ ಕೇಳೋದು. ಈ ಸಲ ಕಾಲು ಚಾಚಿ ಕೂತ್ಕೋತೀನಿ."

ಮಾತು ಹಾಗೆ ಆಡಿದಳು. ಸೆಪ್ಟೆಂಬರಿನಲ್ಲಿ ಗಂಡನನ್ನು ಕರೆದು ತಕ್ಕಡಿಯನ್ನು ದೂಲದಿಂದ ಇಳಿಸಿ, ಹಿತ್ತಲ ಕೊಟ್ಟಿಗೆಯಲ್ಲಿಟ್ಟು ಬೀಗವನ್ನೂ ಹಾಕಿದಳು. ಆ ಸಂಜೆಯೆಲ್ಲ ಸುಮ್ಮಸುಮ್ಮನೆ ಪಾತ್ರೆಗಳ ಮೇಲೆ ರೇಗಿದಳು.

ಗಂಡ ವರ್ಲಿನ್ ಅದನ್ನು ನೋಡುತ್ತಲೇ ಇದ್ದ. ವರ್ಲಿನ್ ಟಾಲೆಫ್‌ಸನ್ ಇಡೀ ಜಿಲ್ಲೆಯಲ್ಲೇ ಬೇಟೆಗೆ ಹೋಗದ ಅಪರೂಪದ ಗಂಡಸು. ಬೆರಳು ಕೊಯ್ದುಕೊಂಡರೆ ಕಣ್ಣು ಕತ್ತಲೆ ಬಂದು ಕುರ್ಚಿ ಹುಡುಕುವವನು. ಅಂಗಡಿಯ ಹಿಂದಿನ ಅಡುಗೆಮನೆ ಅವನ ರಾಜ್ಯ. ದಾಲ್ಚಿನ್ನಿ ಹಾಕಿದ ಅವನ ಸುರುಳಿ ಬ್ರೆಡ್ಡಿಗಾಗಿ ದೂರದಿಂದ ಜನ ಬರುತ್ತಿದ್ದರು. ಹಿಟ್ಟು ನಾದುತ್ತಲೇ ಅವನು ಹೇಳಿದ:

"ನೀನೇ ಹೋಗಬಾರದಾ?"

"ಎಲ್ಲಿಗೆ?"

"ಬೇಟೆಗೆ. ಮದುವೆಗೆ ಮುಂಚೆ ಅಪ್ಪನ ಜೊತೆ ಹೋಗ್ತಿದ್ದೆ ಅಂತ ನೂರು ಸಲ ಹೇಳಿದೀಯ. ಅಂಗಡಿ ಹಿಡಿದ ಮೇಲೆ ಒಂದು ವರ್ಷವಾದರೂ ಬೇಟೆಯ ಮೊದಲನೇ ದಿನ ನೀನು ಅಂಗಳ ಬಿಟ್ಟು ಹೋಗಿದ್ದುಂಟಾ? ಬೇರೆಯವರ ಜಿಂಕೆ ಎಣಿಸಿದ್ದೇ ಆಯ್ತು."

"ಹುಚ್ಚು ಹಿಡಿದಿದೆ ನಿನಗೆ. ಈ ವಯಸ್ಸಲ್ಲಿ! ಬರಿಗೈಲಿ ವಾಪಸ್ ಬಂದರೆ ಆ ಮಾಕಿ ಈಸ್ಟರ್‌ವರೆಗೂ ನಗ್ತಾನೆ."

"ಅವನಿಗೆ ಹೇಳೋದ್ಯಾಕೆ?" ಎಂದು ವರ್ಲಿನ್ ಹಿಟ್ಟಿನ ಮುದ್ದೆಯನ್ನು ತಿರುವಿ ಹಾಕಿದ.

ಆ ಮಾತು ಆರ್ಡಿಸಳ ತಲೆಯಲ್ಲಿ ಕೂತುಬಿಟ್ಟಿತು. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಬಟ್ಟೆಯ ಬೀರುವಿನ ಹಿಂದಿನಿಂದ ಅಪ್ಪನ ಕೋವಿ ಹೊರಗೆ ಬಂತು. ಎಣ್ಣೆ ಹಾಕಿ ಒರೆಸಿದಾಗ ಹಿಡಿಯ ಮೇಲೆ ಅಪ್ಪನ ಕೆನ್ನೆ ತಾಗಿ ತಾಗಿ ನುಣುಪಾದ ಜಾಗಕ್ಕೆ ಅವಳ ಕೆನ್ನೆಯೂ ಸರಿಯಾಗಿ ಹೊಂದಿತು. ಪರವಾನಗಿಯನ್ನು ತನ್ನ ಅಂಗಡಿಯಲ್ಲೇ ಮಾರುತ್ತಿದ್ದಳಾದರೂ ಸುಳಿವು ಹತ್ತಬಾರದೆಂದು ಪಕ್ಕದ ಪಟ್ಟಣಕ್ಕೆ ಹೋಗಿ ಕೊಂಡು ತಂದಳು. ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದಾಗ ಗಂಡಹೆಂಡತಿ ಹಳೆಯ ಜಲ್ಲಿಗಣಿಗೆ ಹೋದರು. ವರ್ಲಿನ್ ರಟ್ಟಿನ ಡಬ್ಬಿಯ ಮೇಲೆ ಜಿಂಕೆಯ ಚಿತ್ರ ಬರೆದಿದ್ದ. ಅದು ಹಂದಿಯ ಹಾಗೆ ಕಾಣುತ್ತಿತ್ತು. ಮೊದಲನೆಯ ಗುಂಡು ಯಾರೋ ಎಸೆದು ಹೋಗಿದ್ದ ಬಟ್ಟೆ ಒಗೆಯುವ ಯಂತ್ರಕ್ಕೆ ಬಡಿಯಿತು.

"ಅದಕ್ಕೂ ಪರವಾನಗಿ ತಗೊಂಡಿದೀಯಾ?" ಎಂದ ವರ್ಲಿನ್, ಕಿವಿಗಳಿಂದ ಬೆರಳು ತೆಗೆಯದೆ.

ನಗು ತಡೆಯಲಾರದೆ ಎರಡನೆಯ ಗುಂಡೂ ಹಾಳಾಯಿತು. ಆದರೆ ಮೂರನೆಯದರಿಂದ ಕೈ ಹಳೆಯದನ್ನು ನೆನಪು ಮಾಡಿಕೊಂಡಿತು. ಮನೆಗೆ ಹೊರಡುವಾಗ ರಟ್ಟಿನ ಹಂದಿಯ ಎದೆಯಲ್ಲಿ ಒಂದು ಬಟ್ಟಲಿನಷ್ಟು ಜಾಗದೊಳಗೆ ನಾಲ್ಕು ತೂತುಗಳಿದ್ದವು.

ಬೇಟೆ ಶುರುವಾಗುವ ಶನಿವಾರ, ಬೆಳಕು ಹರಿಯುವ ಮೊದಲೇ ಆರ್ಡಿಸ್ ಲಾರಿ ಹತ್ತಿದಳು. ಕಿತ್ತಳೆ ಬಣ್ಣದ ಟೊಪ್ಪಿ, ಕಿತ್ತಳೆ ಬಣ್ಣದ ಅಂಗಿ, ಅದರ ಕೆಳಗೆ ಎದೆಯವರೆಗೆ ಬರುವ, ಹತ್ತಿ ತುಂಬಿದ ದಪ್ಪ ಚಲ್ಲಣ. ಎರಡು ಪಟ್ಟಿಗಳು ಹೆಗಲ ಮೇಲಿಂದ ಬಂದು ಮುಂದೆ ಕೊಂಡಿಗೆ ಸಿಕ್ಕಿಕೊಳ್ಳುವಂಥದ್ದು. ಅದನ್ನು ಹಾಕಿಕೊಳ್ಳಲು ಹಿಡಿದ ಹೊತ್ತಿನಲ್ಲಿ ವರ್ಲಿನ್ ಒಂದು ತಟ್ಟೆ ಸುರುಳಿ ಬ್ರೆಡ್ಡು ಬೇಯಿಸಿ ಮುಗಿಸಿದ್ದ.

"ಯಾರಾದರೂ ನೀನೆಲ್ಲಿ ಅಂತ ಕೇಳಿದರೆ?"

"ಏನಾದರೂ ಹೇಳು. ಬೇಟೆಗೆ ಹೋಗಿದಾಳೆ ಅಂತ ಮಾತ್ರ ಹೇಳಿದೆಯೋ, ನೀನೇ ಜಿಂಕೆ."

ಅಪ್ಪ ಬಿಟ್ಟುಹೋದ ಜಮೀನು ದೇವದಾರು ಬೆಳೆದ ಜವುಗಿನ ಪಕ್ಕದಲ್ಲಿತ್ತು. ಹಿಂದಿನ ರಾತ್ರಿ ಬಿದ್ದ ಹಿಮ ಮೆತ್ತಗಿತ್ತು, ಹೆಜ್ಜೆ ಸದ್ದಾಗಲಿಲ್ಲ. ಅಪ್ಪ ಕೂರುತ್ತಿದ್ದ, ಕಡಿದ ಮರದ ಬುಡದ ಮೇಲೆ, ಬರ್ಚ್ ಮರಕ್ಕೆ ಬೆನ್ನು ಕೊಟ್ಟು ಕುಳಿತಳು. ಪೂರ್ವದಲ್ಲಿ ಬಣ್ಣ ಬರುತ್ತಿದ್ದಂತೆ ದೂರದಲ್ಲಿ ಮೊದಲ ಗುಂಡಿನ ಸದ್ದು ಕೇಳಿತು, ಆಮೇಲೆ ಬೆಟ್ಟದಾಚೆಯಿಂದ ಇನ್ನೊಂದು. ಇಷ್ಟು ವರ್ಷ ಆ ಸದ್ದು ಕೇಳಿದರೆ ಅವಳು ಕಾಫಿಯ ಹಂಡೆಗೆ ನೀರು ಸುರಿಯುತ್ತಿದ್ದಳು. ಈಗ ಕೈಗೆ ಕೆಲಸವಿರಲಿಲ್ಲ. ಅಂಗೈಯಷ್ಟೂ ಇಲ್ಲದ, ಕರಿಟೊಪ್ಪಿಯ ಹಕ್ಕಿಯೊಂದು ಬಂದು ಕೋವಿಯ ನಳಿಗೆಯ ಮೇಲೆ ಕುಳಿತು ಅವಳನ್ನು ನೋಡಿ, ತಲೆ ಓರೆ ಮಾಡಿ, ಹಾರಿಹೋಯಿತು. ಇದನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ಆಗಲೇ ಅನ್ನಿಸಿತು.

ಒಂದು ತಾಸು ಕಳೆಯಿತು. ಕಾಲಬೆರಳುಗಳು ಮರಗಟ್ಟಿದವು. ಚಳಿಗೆಂದು ಕುಡಿದ ಕಾಫಿ ತನ್ನ ಕೆಲಸ ತೋರಿಸತೊಡಗಿತು. ಆರ್ಡಿಸ್ ಸಹಿಸಿಕೊಂಡಳು. ಬೇರೆ ಯೋಚನೆ ಮಾಡಿದಳು, ಚರ್ಚಿನ ಹಾಡೊಂದನ್ನು ಮನಸ್ಸಿನಲ್ಲೇ ಪೂರ್ತಿ ಹಾಡಿ ಮುಗಿಸಿದಳು. ಕೊನೆಗೆ ಇನ್ನು ಆಗುವುದಿಲ್ಲ ಎನ್ನಿಸಿ, ಸುತ್ತ ನೋಡಿ, ಕೋವಿಯನ್ನು ಮರಕ್ಕೊರಗಿಸಿ, ಮರದ ಹಿಂದೆ ಸರಿದಳು. ಅಂಗಿ ಬಿಚ್ಚಬೇಕು, ಕೊಂಡಿ ಕಳಚಬೇಕು, ಚಲ್ಲಣ ಇಳಿಸಬೇಕು, ಅದರ ಕೆಳಗೆ ಉಣ್ಣೆಯದು, ಅದರ ಕೆಳಗೆ ಇನ್ನೊಂದು. ಈರುಳ್ಳಿ ಸುಲಿದ ಹಾಗೆ ಸುಲಿದುಕೊಂಡು, ಅಂತೂ ಹಿಮದ ಮೇಲೆ ಕುಕ್ಕರಿಸಿದಳು.

ಕೆಲಸ ಮುಗಿದು ಏಳಬೇಕೆನ್ನುವಷ್ಟರಲ್ಲಿ ಜವುಗಿನ ಅಂಚಿನಲ್ಲಿ ಒಂದು ಕಡ್ಡಿ ಮುರಿಯಿತು.

ಜಿಂಕೆ ಬಂದಿತ್ತು. ದೊಡ್ಡ ಗಂಡು. ಕತ್ತು ದಪ್ಪ, ಕೊಂಬುಗಳು ಹಣೆಯಿಂದ ಎದ್ದು ಎಂಟು ಕವಲಾಗಿ ಚಾಚಿಕೊಂಡಿದ್ದವು. ಮರದ ಹಿಂದೆ ಇದೇನು ಎಂಬಂತೆ ನೇರವಾಗಿ ಅವಳನ್ನೇ ನೋಡುತ್ತಿತ್ತು. ಕೋವಿ ಕೈಗೆಟುಕುವಷ್ಟು ದೂರದಲ್ಲಿದೆ, ಚಲ್ಲಣ ಹಿಮ್ಮಡಿಯ ಮೇಲಿದೆ. ಮೊದಲು ಯಾವುದನ್ನು ಎತ್ತಿಕೊಳ್ಳಬೇಕು? ಮರ್ಯಾದೆಯೋ ಕೋವಿಯೋ?

ಜಿಂಕೆ ಮೂಗು ಹಿಗ್ಗಿಸಿ ಪಕ್ಕಕ್ಕೆ ತಿರುಗಿತು. ಅಷ್ಟು ಸಾಕಾಯಿತು. ಕುಳಿತಲ್ಲಿಂದಲೇ ಕೈ ಚಾಚಿ ಕೋವಿ ಎಳೆದುಕೊಂಡು, ಒಂದು ಮಂಡಿಯೂರಿ, ಬೆತ್ತಲೆ ತೊಡೆಗೆ ಉತ್ತರದ ಗಾಳಿ ಕಚ್ಚುತ್ತಿದ್ದರೂ ಉಸಿರು ಬಿಗಿಹಿಡಿದು, ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಬೆರಳಿನಿಂದ ಕುದುರೆ ಎಳೆದಳು.

ಕೋವಿಯ ಒದೆತಕ್ಕೆ ಅವಳು ಹಿಮದಲ್ಲಿ ಕುಂಡೆಯೂರಿ ಬಿದ್ದಳು. ಜಿಂಕೆ ಒಂದು ನೆಗೆತ ನೆಗೆದು, ದೇವದಾರುಗಳ ನಡುವೆ ಹತ್ತು ಮಾರು ಓಡಿ, ಮಂಡಿ ಮಡಚಿ ಬಿತ್ತು.

ಆರ್ಡಿಸ್ ಎದ್ದು ಬಟ್ಟೆ ಸರಿ ಮಾಡಿಕೊಂಡಳು. ಮರಗಟ್ಟಿದ ಬೆರಳಿಗೆ ಒಂದು ಕೊಂಡಿ ಸಿಗಲಿಲ್ಲ, ಹಾಗೇ ಬಿಟ್ಟಳು. ಜಿಂಕೆಯ ಹತ್ತಿರ ಹೋಗಿ, ಕೈಗವಸು ಕಳಚಿ, ಬೆಚ್ಚಗಿದ್ದ ಅದರ ಕತ್ತಿನ ಮೇಲೆ ಅಂಗೈ ಇಟ್ಟಳು. ಅಪ್ಪ ಹಾಗೆ ಮಾಡುತ್ತಿದ್ದ. ಸ್ವಲ್ಪ ಹೊತ್ತು ಅಳು ಬಂತು, ಅಳುವಿನ ಜೊತೆಗೇ ನಗುವೂ ಬಂತು. ನಗು ಒಂದು ಸಲ ಹಿಡಿದುಕೊಂಡ ಮೇಲೆ ಬಿಡಲೇ ಇಲ್ಲ. ಹಿಮದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೊಟ್ಟೆ ಬಗಿದು ಕರುಳು ತೆಗೆಯುವುದು ಅವಳ ಕೈಗೆ ಮರೆತಿರಲಿಲ್ಲ. ಕೊಂಬಿಗೆ ಹಗ್ಗ ಕಟ್ಟಿ, ನಿಂತು ನಿಂತು ಎಳೆದಳು. ಲಾರಿಗೆ ಎತ್ತಿ ಹಾಕುವ ಶಕ್ತಿ ಒಬ್ಬಳಿಗೆಲ್ಲಿ? ಲಾರಿಯನ್ನು ಹಿಂದಕ್ಕೆ ನಡೆಸಿ ಹಳ್ಳದ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದಳು. ದಿಬ್ಬದ ಅಂಚೂ ಲಾರಿಯ ಹಲಗೆಯೂ ಒಂದೇ ಮಟ್ಟಕ್ಕೆ ಬಂದವು. ಜಿಂಕೆ ಜಾರಿಕೊಂಡು ಒಳಗೆ ಹೋಯಿತು.

ಗುಡ್ಡದ ನೆತ್ತಿಗೆ ಬಂದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಲಾರಿ ನಿಲ್ಲಿಸಿ, ಇಲಾಖೆಯ ಸಂಖ್ಯೆ ಒತ್ತಿದಳು. ಇಂಪಾದ ಹೆಣ್ಣುದನಿ ಸ್ವಾಗತಿಸಿತು.

"ಜಿಂಕೆಯಾದರೆ ಒಂದನ್ನು ಒತ್ತಿ."

ಒತ್ತಿದಳು.

"ಗಂಡಾದರೆ ಒಂದನ್ನು ಒತ್ತಿ. ಹೆಣ್ಣಾದರೆ ಎರಡನ್ನು ಒತ್ತಿ."

"ಗಂಡು ಕಣಮ್ಮ! ಎಂಟು ಕವಲು! ಹೇಗೆ ಬಂತು ಗೊತ್ತಾ, ನಾನು ಮರದ ಹಿಂದೆ..."

"ಕ್ಷಮಿಸಿ, ನಿಮ್ಮ ಉತ್ತರ ತಿಳಿಯಲಿಲ್ಲ. ಗಂಡಾದರೆ ಒಂದನ್ನು ಒತ್ತಿ."

ಒತ್ತಿದಳು. ಯಾವ ಜಿಲ್ಲೆ, ಯಾವ ದಿನ, ಕೋವಿಯೋ ಬಿಲ್ಲೋ ಎಂದು ಕೇಳಿತು. ಕೊನೆಗೆ ಒಂದು ಉದ್ದನೆಯ ಸಂಖ್ಯೆ ಹೇಳಿ, "ಧನ್ಯವಾದ. ನಿಮ್ಮ ದಿನ ಶುಭವಾಗಿರಲಿ" ಎಂದಿತು.

"ಅಷ್ಟೇನಾ?" ಎಂದಳು ಆರ್ಡಿಸ್.

ಫೋನು ಆಗಲೇ ಕಡಿದುಹೋಗಿತ್ತು.

ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಳು. ಯಂತ್ರದ ತಪ್ಪೇನೂ ಇರಲಿಲ್ಲ, ನ್ಯಾಯವಾಗಿ ಹೇಳಬೇಕೆಂದರೆ ಅದು ತನಗಿಂತ ಚುರುಕು. ಹಿಮದ ರಸ್ತೆಯಲ್ಲಿ ಊರಾಚೆಯಿಂದ ಬರುತ್ತಿದ್ದ ಮುದುಕರಿಗೆ ಎಷ್ಟು ಅನುಕೂಲ! ಆದರೆ ಎದೆಯಲ್ಲಿ ಕುದಿಯುತ್ತಿದ್ದ ಕತೆ ಹಾಗೇ ಉಳಿದಿತ್ತು. ಬೇಟೆಗಾರರು ತನ್ನ ಅಂಗಳಕ್ಕೆ ಬಂದು ಕಾಫಿ ಆರುವವರೆಗೂ ಯಾಕೆ ಮಾತಾಡುತ್ತಿದ್ದರು ಎಂದು ಅವಳಿಗೆ ಆ ಗುಡ್ಡದ ಮೇಲೆ ಗೊತ್ತಾಯಿತು. ಇಷ್ಟು ವರ್ಷ ಅವಳು ಅದನ್ನು ಬರೀ ಜಂಬವೆಂದುಕೊಂಡಿದ್ದಳು. ವರ್ಲಿನ್‌ಗೆ ಹೇಳೋಣವೆಂದರೆ ಕರುಳಿನ ಮಾತು ಬರುವ ಮೊದಲೇ ಅವನು ಕುರ್ಚಿ ಹುಡುಕುತ್ತಾನೆ. ಆದರೂ ಅವನಿಗಾದರೂ ಹೇಳಲೇಬೇಕೆಂದು ಲಾರಿ ಓಡಿಸಿದಳು.

ಅಂಗಳ ಖಾಲಿಯಿರುತ್ತದೆಂದು ಅಂದುಕೊಂಡಿದ್ದಳು. ತಿರುವು ದಾಟಿ ನೋಡಿದರೆ ಆರೇಳು ಲಾರಿಗಳು ಅಡ್ಡಾದಿಡ್ಡಿ ನಿಂತಿದ್ದವು. ಕಿತ್ತಳೆ ಟೊಪ್ಪಿಗಳ ಗುಂಪಿನ ನಡುವೆ ಲಾಯ್ಡ್ ಮಾಕಿ ಕೈ ಬೀಸಿ ಕೂಗಾಡುತ್ತಿದ್ದ. ಬಾಗಿಲಲ್ಲಿ ವರ್ಲಿನ್ ಏಪ್ರನ್ನಿನ ಅಂಚು ಹಿಂಡುತ್ತ ನಿಂತಿದ್ದ. ಆರ್ಡಿಸ್ ಲಾರಿಯ ಕಿಟಕಿ ಇಳಿಸಿದ್ದೇ ತಡ, ಲಾಯ್ಡ್ ಓಡಿಬಂದ.

"ಎಲ್ಲಿ ಹಾಳಾಗಿ ಹೋಗಿದ್ದೆಯೇ? ಹಲ್ಲಿನ ಡಾಕ್ಟರ ಹತ್ರ ಹೋಗಿದಾಳೆ ಅಂತಾನೆ ನಿನ್ನ ಗಂಡ! ಬೇಟೆ ಮೊದಲನೇ ದಿನ ಯಾವ ಡಾಕ್ಟರು ಬಾಗಿಲು ತೆರೆದಿರ್ತಾನೆ? ಬೀಗದಕೈ ಕೊಡು, ಬೀಗದಕೈ!"

"ಯಾವ ಬೀಗದಕೈ?"

"ಕೊಟ್ಟಿಗೇದು! ತಕ್ಕಡಿ ಬೇಕು ನನಗೆ!"

"ತಕ್ಕಡಿಗೆ ನಮಸ್ಕಾರ ಹಾಕಿದ್ದೆ ನೀನು?"

ಲಾಯ್ಡನ ಮುಖ ಕೆಂಪಾಯಿತು. ಶಾಲೆಯ ಬಸ್ಸು ಓಡಿಸುವ ಡೆಲ್ಫೀನ್ ಕೂಬಿಯಾಕ್, ತಾನೂ ಒಂದು ಜಿಂಕೆ ಹೊಡೆದು ತಂದವಳು, ನಗುತ್ತ ವಿವರಿಸಿದಳು: "ಅವನ ಜನ್ಮದಲ್ಲೇ ಮೊದಲ್ನೇ ಸಲ ನಿಜವಾಗಿ ದೊಡ್ಡದು ಹೊಡೆದಿದಾನೆ ಕಣೇ. ಫೋನು ಅದರ ತೂಕ ಕೇಳಲೇ ಇಲ್ವಂತೆ. ಊರಲ್ಲಿ ಯಾರಿಗೆ ಹೇಳಿದರೂ 'ಹೌದೌದು, ಮಾಕಿ' ಅಂತಾರಂತೆ."

"ನನ್ನ ಹೆಂಡತೀನೇ ನಂಬ್ತಿಲ್ಲ!" ಎಂದು ಲಾಯ್ಡ್ ಗೋಳಾಡಿದ. "ನಿನ್ನ ತಕ್ಕಡಿ ಹೇಳಿದರೆ ನಂಬ್ತಾರೆ. ಕೈಮುಗಿತೀನಿ ಮಾರಾಯ್ತಿ."

"ನೀವೆಲ್ಲ ಯಾಕೆ ಬಂದಿದೀರಿ? ಫೋನ್ ಮಾಡಿಲ್ವಾ?" ಎಂದು ಆರ್ಡಿಸ್ ಉಳಿದವರನ್ನು ಕೇಳಿದಳು.

ಒಬ್ಬ ಪೆಟ್ರೋಲಿಗೆ ಎಂದ. ಇನ್ನೊಬ್ಬ ಬ್ರೆಡ್ಡಿಗೆ ಎಂದ. ಡೆಲ್ಫೀನ್ ಮಾತ್ರ, "ಮಾಡಿದೆ. ಎರಡು ನಿಮಿಷದಲ್ಲಿ ಮುಗೀತು. ಆಮೇಲೆ ಏನು ಮಾಡೋದು ಅಂತಲೇ ತಿಳೀಲಿಲ್ಲ" ಎಂದಳು.

ಅಷ್ಟರಲ್ಲಿ ಯಾರೋ ಲಾರಿಯ ಹಿಂದಕ್ಕೆ ಹೋಗಿ ಇಣುಕಿದ್ದರು. "ಅಯ್ಯಯ್ಯೋ, ಇಲ್ಲಿ ನೋಡಿ!"

ಎಲ್ಲರೂ ಮುತ್ತಿಕೊಂಡರು. ಲಾಯ್ಡ್ ಜಿಂಕೆಯನ್ನು ನೋಡಿದ, ಬಾಗಿಲಲ್ಲಿದ್ದ ವರ್ಲಿನ್‌ನನ್ನು ನೋಡಿದ. ಅವನು ಆಗಲೇ ಬಾಗಿಲ ಚೌಕಟ್ಟು ಹಿಡಿದುಕೊಂಡು ಆಕಾಶ ನೋಡುತ್ತಿದ್ದ.

"ಇದನ್ನ ಹೊಡೆದವರು ಯಾರು?"

"ನಾನೇ" ಎಂದಳು ಆರ್ಡಿಸ್.

ಎಲ್ಲರೂ ಒಟ್ಟಿಗೆ ಮಾತಾಡಿದರು. ಎಲ್ಲಿ, ಯಾವಾಗ, ಎಷ್ಟು ದೂರದಿಂದ, ಯಾವ ಕೋವಿ? ಡೆಲ್ಫೀನ್ ಒಳಗೆ ಓಡಿ ಕಾಫಿ ತಂದು ಅವಳ ಕೈಗಿತ್ತಳು. ಯಾರೋ ಹಾಲಿನ ಪೆಟ್ಟಿಗೆ ಬೋರಲು ಹಾಕಿ ಅವಳನ್ನು ಕೂರಿಸಿದರು.

ಆರ್ಡಿಸ್ ಗಂಟಲು ಸರಿ ಮಾಡಿಕೊಂಡಳು. ಗುಡ್ಡದಿಂದ ಇಳಿಯುವಾಗಲೇ ಕತೆಯ ಮರ್ಯಾದಸ್ಥ ರೂಪವೊಂದನ್ನು ಸಿದ್ಧ ಮಾಡಿಕೊಂಡಿದ್ದಳು. ಬುಡದ ಮೇಲೆ ಕಲ್ಲಿನಂತೆ ಕೂತಿದ್ದೆ; ಜಿಂಕೆ ಬಂತು; ನಿಧಾನವಾಗಿ ಕೋವಿ ಎತ್ತಿದೆ; ಹೊಡೆದೆ. ಹಕ್ಕಿಯಿಂದ ಶುರುಮಾಡಿ ಗಂಭೀರವಾಗಿ ಹೇಳುತ್ತ ಹೋದಳು. ಎಲ್ಲರೂ ತಲೆದೂಗಿದರು.

"ಅಲ್ವೇ ಆರ್ಡಿಸ್," ಎಂದಳು ಡೆಲ್ಫೀನ್, "ಕಲ್ಲಿನಂತೆ ಕೂತಿದ್ದೆ ಅಂತೀಯ, ಚಲ್ಲಣದ ಪಟ್ಟಿ ಯಾಕೆ ಬೆನ್ನ ಹಿಂದೆ ಬಾಲದ ಹಾಗೆ ನೇತಾಡ್ತಿದೆ? ಹಿಂದೆಲ್ಲ ಹಿಮ ಕರಗಿ ಒದ್ದೆ ಬೇರೆ ಆಗಿದೆ?"

ಆರ್ಡಿಸ್ ಕೈ ಹಿಂದೆ ಚಾಚಿ ಪಟ್ಟಿ ಹುಡುಕಿದಳು. ಸುತ್ತ ಮುಖಗಳನ್ನು ನೋಡಿದಳು. ಇವರ ಎಷ್ಟೋ ಸುಳ್ಳುಗಳನ್ನು ಅವಳು ಸುಮ್ಮನೆ ಕೇಳಿದ್ದಳು, ಹಾಗಾಗಿ ಒಂದು ಸುಳ್ಳು ಹೇಳುವ ಹಕ್ಕು ಖಂಡಿತ ಇತ್ತು. ಆದರೆ ನಿಜವೇ ಹೆಚ್ಚು ಚೆನ್ನಾಗಿರುವಾಗ ಸುಳ್ಳು ಯಾಕೆ?

"ಕಾಫಿ ಕುಡಿದಿದ್ದೆ ಕಣ್ರೋ" ಎಂದಳು.

ಅಷ್ಟಕ್ಕೇ ಡೆಲ್ಫೀನ್‌ಗೆ ಅರ್ಥವಾಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆರ್ಡಿಸ್ ಎದ್ದು ನಿಂತು ಮೊದಲಿನಿಂದ ಹೇಳಿದಳು, ಈರುಳ್ಳಿ ಸುಲಿದದ್ದು, ಕುಕ್ಕರಿಸಿದ್ದು, ಜಿಂಕೆಯ ಮುಖದಲ್ಲಿದ್ದ ಬೆರಗು, ಕೋವಿಯೋ ಮರ್ಯಾದೆಯೋ ಎಂದು ತೂಗಿ ನೋಡಿದ್ದು. ಮಂಡಿಯೂರಿದ್ದನ್ನು ಮಾಡಿ ತೋರಿಸಿದಳು, ಈ ಸಲ ಚಲ್ಲಣ ಹಾಕಿಕೊಂಡೇ ಅನ್ನಿ. ಲಾಯ್ಡ್ ಮಾಕಿ ನಕ್ಕು ನಕ್ಕು ಪೆಟ್ರೋಲಿನ ಕಂಬ ತಬ್ಬಿಕೊಂಡ. ವರ್ಲಿನ್ ಕೂಡ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದು ಬಂದಿದ್ದ, ಲಾರಿಯ ಕಡೆ ಮಾತ್ರ ಬೆನ್ನು ಮಾಡಿಕೊಂಡು. ಕಣ್ಣೊರೆಸಿಕೊಳ್ಳುತ್ತ, "ನನ್ನ ಹೆಂಡತಿ!" ಎಂದು ಪಕ್ಕದವನಿಗೆ ಹೇಳಿದ, ಅವನಿಗೆ ಗೊತ್ತಿಲ್ಲವೇನೋ ಎಂಬ ಹಾಗೆ.

ತಕ್ಕಡಿ ಹೊರಗೆ ಬಂತು. ಲಾಯ್ಡನ ಜಿಂಕೆಗೆ ಅದರ ಮುಳ್ಳು ಇನ್ನೂರು ಪೌಂಡಿನ ಗೆರೆಗಿಂತ ಒಂದು ಬೆರಳು ಕೆಳಗೆ ನಿಂತಿತು. ಅವನು ಬಾಯಿಬಿಟ್ಟು ಹೇಳಿದ್ದು ಸರಿಯಾಗಿ ಇನ್ನೂರು. ಇಷ್ಟು ಹತ್ತಿರದ ಸುಳ್ಳನ್ನು ಅವನು ಹಿಂದೆಂದೂ ಹೇಳಿರಲಿಲ್ಲ. ಆರ್ಡಿಸ್ ತಾನೇ ಅವನ ಹೆಂಡತಿಗೆ ಫೋನ್ ಮಾಡಿ ಸಾಕ್ಷಿ ಹೇಳಿದಳು. ಆರ್ಡಿಸಳ ಜಿಂಕೆ ಅಷ್ಟು ತೂಗಲಿಲ್ಲ, ಆದರೆ ಅದನ್ನು ದೂಲಕ್ಕೆ ಎಳೆದು ಕಟ್ಟಿದವನು ಲಾಯ್ಡ್, "ತಾಯಿ, ಇವತ್ತು ನೀನು ಕೈ ಹಾಕಬಾರದು" ಎಂದು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಗಡಿನ ಬಿಲ್ಲೆ ಇರಲಿಲ್ಲ, ಯಾರನ್ನೂ ಯಾವ ಕಾನೂನೂ ಕರೆಸಿರಲಿಲ್ಲ. ಫೋನು ಮಾಡಿ ಮುಗಿಸಿದವರೇ ಬಂದರು. ಬೇಟೆಯ ಆ ವಾರವಿಡೀ ಹಾಗೆಯೇ ನಡೆಯಿತು. ಆರ್ಡಿಸ್ ಬೆಳಿಗ್ಗೆ ಕಾಡಿಗೆ ಹೋಗಿ ಡೆಲ್ಫೀನಳ ಜೊತೆ ಕೂತು, ಬಿಸಿಲೇರುವಾಗ ಅಂಗಳಕ್ಕೆ ಬರುತ್ತಿದ್ದಳು. ಇನ್ನೊಂದು ಜಿಂಕೆ ಅವಳಿಗೆ ಸಿಗಲಿಲ್ಲ, ಅದರ ಬಗ್ಗೆ ಚಿಂತೆಯೂ ಇರಲಿಲ್ಲ. ವರ್ಲಿನ್ ಜಿಂಕೆಯ ಯಕೃತ್ತನ್ನು ಈರುಳ್ಳಿ ಹಾಕಿ ಹುರಿಯಲು ಒಪ್ಪಿಕೊಂಡ. ಅದನ್ನು ಹೋಳು ಮಾಡುವಾಗ ಮಾತ್ರ ಕಣ್ಣು ಮುಚ್ಚಿಕೊಂಡಿದ್ದ, ಆರ್ಡಿಸ್ ಅವನ ಕೈ ಹಿಡಿದು ಚಾಕು ನಡೆಸಿದಳು.

ದೇವರಿಗೆ ಕೃತಜ್ಞತೆ ಹೇಳುವ ಗುರುವಾರದ ಹಬ್ಬದ ದಿನ, ಟರ್ಕಿ ಕೋಳಿ ಒಲೆಯೊಳಗಿದ್ದಾಗ, ದಕ್ಷಿಣದ ಕಡೆಯಿಂದ ಬಂದ ಅಪರಿಚಿತನೊಬ್ಬ ಪೆಟ್ರೋಲಿಗೆ ನಿಲ್ಲಿಸಿ ಒಳಗೆ ಬಂದ. ಕೈ ಉಜ್ಜಿಕೊಳ್ಳುತ್ತ ಗಲ್ಲಾಪೆಟ್ಟಿಗೆಗೆ ಒರಗಿದ.

"ಅಮ್ಮಾ, ಈ ಕಡೆ ಯಾರೋ ಒಬ್ಬ ಹೆಂಗಸು ಚಲ್ಲಣ ಬಿಚ್ಚಿಕೊಂಡೇ ಹನ್ನೆರಡು ಕವಲಿನ ಜಿಂಕೆ ಹೊಡೆದಳಂತೆ, ನಿಜಾನಾ? ಕರಡಿ ಬೇರೆ ಅಟ್ಟಿಸಿಕೊಂಡು ಬಂದಿತ್ತಂತೆ. ಮಾಕಿ ಅಂತ ಒಬ್ಬರು ಹೇಳಿದರು, ಅವರು ಅಲ್ಲೇ ಇದ್ದರಂತೆ."

ಅಡುಗೆಮನೆಯಲ್ಲಿ ವರ್ಲಿನ್‌ನ ಕೈಯಿಂದ ಸೌಟು ಬಿತ್ತು. ಆರ್ಡಿಸ್ ಹಂಡೆಯಿಂದ ಒಂದು ಲೋಟ ಕಾಫಿ ಬಗ್ಗಿಸಿ ಆ ಅಪರಿಚಿತನ ಮುಂದಿಟ್ಟಳು, ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ನಾನು ಕೇಳಿರಲಿಲ್ಲಪ್ಪ. ಕರಡಿ ಎಲ್ಲಿಂದ ಬಂತಂತೆ? ಸರಿಯಾಗಿ ಹೇಳು."